ಬಾದಾಮಿ ಗುಡ್ಡದ ಕೆಳಗೆ ಗ್ಯಾಸ್ ಇದೆಯಾ?

ಪ್ರಶ್ನೆ: ಸರ್, ಗ್ಯಾಸ್ ಮರಳುಗಲ್ಲಿನಲ್ಲಿ ಸಿಗುತ್ತದೆ ಅಂತೀರಿ. ಬಾದಾಮಿ ತುಂಬ ಮರಳುಗಲ್ಲೇ ಇದೆ. ನೆಲದೊಳಗಿನ ಗವಿಗಳಲ್ಲಿ ಗ್ಯಾಸ್ ತುಂಬಿರಬಹುದಲ್ವಾ? ಒಂದು ಪೈಪ್ ಇಳಿಸಿದರೆ ಸಾಕಲ್ವಾ?

ಉತ್ತರ: ಮತ್ತೆ ಗವಿ! ಎಷ್ಟು ಸಲ ಬರೆದರೂ ಈ ಗವಿ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಇವತ್ತು ಮುಗಿಸಿಯೇ ಬಿಡೋಣ.

ಗ್ಯಾಸ್ ಗವಿಯಲ್ಲಿ ತುಂಬಿಕೊಂಡಿರುವುದಿಲ್ಲ. ಅದು ಇರುವುದು ಕಲ್ಲಿನ ಒಳಗೇ, ಮರಳಿನ ಕಣಗಳ ಸಂದಿಯಲ್ಲಿ. ನಂಬಿಕೆ ಬರದಿದ್ದರೆ ಒಂದು ಲೋಟದ ತುಂಬ ಒಣ ಮರಳು ಹಾಕಿ. ಮೇಲೆ ನಿಧಾನವಾಗಿ ನೀರು ಹೊಯ್ಯಿರಿ. ತುಂಬಿದ ಲೋಟಕ್ಕೇ ಮೂರನೇ ಒಂದು ಭಾಗದಷ್ಟು ನೀರು ಇಳಿಯುತ್ತದೆ! ಮರಳು ಕಲ್ಲಾದಾಗ ಸಂದಿ ಕಡಿಮೆಯಾಗುತ್ತದೆ, ನಿಜ. ಆದರೂ ಒಳ್ಳೆಯ ಗ್ಯಾಸ್ ಮರಳುಗಲ್ಲಿನಲ್ಲಿ ನೂರಕ್ಕೆ 15ರಿಂದ 30 ಭಾಗ ಸಂದಿಯೇ. ಸಂದಿಯಿಂದ ಸಂದಿಗೆ ದಾರಿಯೂ ಇರಬೇಕು. ಇಲ್ಲದಿದ್ದರೆ ಗ್ಯಾಸ್ ಬಾವಿಯ ತನಕ ಬರುವುದೇ ಇಲ್ಲ. ಬಾದಾಮಿಯ ಗುಹಾ ದೇವಾಲಯಗಳಾದ ಮೇಣಬಸದಿ ನೋಡಿ ನಿಮಗೆ ಗವಿಯ ಯೋಚನೆ ಬಂದಿದ್ದರೆ, ಅವು ಮನುಷ್ಯರು ಕೊರೆದ ಗುಹೆಗಳು. ಮೂರನೆಯದರಲ್ಲಿ 578ರ ಶಾಸನವೇ ಇದೆಯಲ್ಲ.

ಇನ್ನು ಬಾದಾಮಿ. ಮರಳುಗಲ್ಲು ಗ್ಯಾಸನ್ನು ಹಿಡಿದಿಡುತ್ತದೆ, ಹುಟ್ಟಿಸುವುದಿಲ್ಲ. ಹುಟ್ಟಿಸಲು ಹಳೆಯ ಜೀವಿಗಳ ಅವಶೇಷ ತುಂಬಿದ ಪದರ ಕೆಳಗೆ ಬೇಕು, ತಡೆಯಲು ಜೇಡಿಗಲ್ಲಿನಂಥ ಮುಚ್ಚಳ ಮೇಲೆ ಬೇಕು. ನಮ್ಮ ಗುಡ್ಡದ ಕಲ್ಲು ಬಿಸಿಲಿಗೆ ತೆರೆದು ನಿಂತಿದೆ. ಒಂದು ಕಾಲಕ್ಕೆ ಅದರೊಳಗೆ ಗ್ಯಾಸ್ ಬಂದಿದ್ದರೂ ಎಂದೋ ಹಾರಿಹೋಗಿರುತ್ತಿತ್ತು.

ಗ್ಯಾಸ್ ಇರುವ ಕಡೆಯಾದರೂ ಒಂದು ಪೈಪ್ ಸಾಲುವುದಿಲ್ಲ. ಆಳ ಕಡಿಮೆ ಇದ್ದರೆ ಖರ್ಚೂ ಕಡಿಮೆ, ಸರಿ. ಆದರೆ 500 ಮೀಟರ್ ಆಳದಲ್ಲಿ ಒತ್ತಡ ಸಾಮಾನ್ಯವಾಗಿ ಗಾಳಿಯ ಒತ್ತಡದ 50 ಪಟ್ಟು ಮಾತ್ರ. 3000 ಮೀಟರಿನಲ್ಲಿ ಸುಮಾರು 300 ಪಟ್ಟು. ಅಂದರೆ ಅಷ್ಟೇ ಸಂದಿಯಲ್ಲಿ ಕಡಿಮೆ ಆಳದ ಕಲ್ಲು ಹಿಡಿಯುವ ಗ್ಯಾಸ್ ತುಂಬಾ ಕಡಿಮೆ. ಅದಕ್ಕೇ ಹತ್ತಿರ ಹತ್ತಿರ ಜಾಸ್ತಿ ಬಾವಿ ಕೊರೆಯುತ್ತಾರೆ. ಒತ್ತಡ ಬೇಗ ಇಳಿಯುವುದರಿಂದ ಗ್ಯಾಸನ್ನು ಒತ್ತಿ ಮುಂದಕ್ಕೆ ತಳ್ಳುವ ಯಂತ್ರ, ಅಂದರೆ ಕಂಪ್ರೆಸರ್, ಕೂರಿಸುತ್ತಾರೆ. ಮೇಲಿನ ಪದರದ ಮರಳು ಎಷ್ಟೋ ಕಡೆ ಸರಿಯಾಗಿ ಗಟ್ಟಿಯಾಗಿರುವುದಿಲ್ಲ. ಅವಸರಪಟ್ಟು ವಾಲ್ವ್ ಪೂರ್ತಿ ತೆರೆದರೆ ಗ್ಯಾಸಿನ ಜೊತೆ ಮರಳು, ನೀರು ಎರಡೂ ನುಗ್ಗುತ್ತವೆ. ಅಂಥ ಕಡೆ ಜಾಲರಿ ಪೈಪ್ ಇಳಿಸಿ, ಹದವಾಗಿ ತೆಗೆಯಬೇಕು.

ಬೋರ್ ಹೊಡೆಯುವಾಗ ಗ್ಯಾಸ್ ಸಿಗುವುದುಂಟಾ? ಉಂಟು. ಕೆನಡಾದ ಮೆಡಿಸಿನ್ ಹ್ಯಾಟ್ ಹತ್ತಿರ 1883ರಲ್ಲಿ ರೈಲ್ವೆಯವರು ನೀರಿಗಾಗಿ ಕೊರೆದಾಗ ಗ್ಯಾಸ್ ಸಿಕ್ಕಿತು. ಮುಂದೆ ಅಲ್ಲಿ ದೊಡ್ಡ ಗ್ಯಾಸ್ ಕ್ಷೇತ್ರವೇ ಬೆಳೆಯಿತು. ನಮ್ಮ ಬೋರಿನಲ್ಲಿ ಗುಳುಗುಳು ಬಂದರೆ ಬಹುಪಾಲು ಅದು ಸಿಕ್ಕಿಕೊಂಡ ಗಾಳಿ. ಆದರೂ ಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ. ಮೋಟರ್ ಸ್ವಿಚ್ ಮುಟ್ಟಬೇಡಿ. ಮಕ್ಕಳನ್ನು ದೂರ ಕಳಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.