ಚಿನ್ನ ಸಿಕ್ಕ ಎತ್ತರದಲ್ಲಿ ಸಿಕ್ಸರ್

ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿ ಬೆಳೆದವರಿಗೆ ಜೋಹಾನ್ಸ್‌ಬರ್ಗ್ ಅಷ್ಟೇನೂ ಹೊಸದು ಅನ್ನಿಸಲಿಕ್ಕಿಲ್ಲ. ಅಲ್ಲೂ ಊರಂಚಿನಲ್ಲಿ ಗಣಿಮಣ್ಣಿನ ಬೋಳು ಗುಡ್ಡಗಳು. ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿಕೊಂಡ ಮೇಲೆ ಉಳಿದ ಪುಡಿ ಅದು. ಮಾರಿಕುಪ್ಪಂ ಕಡೆ ಗಾಳಿ ಎದ್ದರೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಅದೇ.

ದಕ್ಷಿಣ ಆಫ್ರಿಕಾ ಯಾವುದಕ್ಕೆ ಹೆಸರುವಾಸಿ? ಕ್ವಿಜ್‌ನಲ್ಲಿ ಕೇಳಿದರೆ ಚಿನ್ನ, ವಜ್ರ, ರಗ್ಬಿ, ಕ್ರಿಕೆಟ್ ಅಂತ ಮಕ್ಕಳು ಪಟಪಟನೆ ಹೇಳುತ್ತಾರೆ. ಈ ಚಿನ್ನಕ್ಕೂ ಕ್ರಿಕೆಟ್‌ಗೂ ನಂಟಿದೆ ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಮೊದಲು ಚಿನ್ನ. ನಮ್ಮ ಕೋಲಾರದ್ದು ಬಿರುಕಿನ ಚಿನ್ನ. ಭೂಮಿಯ ಆಳದಿಂದ ಬಿಸಿನೀರು ಬಂಡೆಯ ಸೀಳುಗಳಲ್ಲಿ ಮೇಲೇರುವಾಗ ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಬಿಟ್ಟುಹೋಯಿತು. ಆ ಎಳೆ ಹಿಡಿದು ನಮ್ಮ ಗಣಿಗಳು 3 ಕಿಲೋಮೀಟರಿಗೂ ಜಾಸ್ತಿ ಕೆಳಗಿಳಿದವು. 2001ರಲ್ಲಿ ಮುಚ್ಚುವ ಹೊತ್ತಿಗೆ ಸಿಕ್ಕಿದ್ದು ಸುಮಾರು 800 ಟನ್. ಜೋಹಾನ್ಸ್‌ಬರ್ಗ್ ಕಡೆಯ ವಿಟ್‌ವಾಟರ್ಸ್‌ರಾಂಡ್ ಬೆಟ್ಟಸಾಲಿನ ಚಿನ್ನ ಇರುವುದು ಉರುಟು ಬೆಣಚುಕಲ್ಲುಗಳು ಗಟ್ಟಿಯಾಗಿ ಬೆಸೆದುಕೊಂಡ ಪದರಗಳಲ್ಲಿ. ಹಳೇ ನದಿಗಳು ಹೊತ್ತು ತಂದು ಹರವಿದ್ದು ಎನ್ನುವುದು ಹೆಚ್ಚು ಭೂವಿಜ್ಞಾನಿಗಳ ಅಭಿಪ್ರಾಯ. ಅದಕ್ಕೇ ಪದರ ಮೈಲಿಗಟ್ಟಲೆ ಹಬ್ಬಿದೆ. ಮನುಷ್ಯ ಈವರೆಗೆ ನೆಲದಿಂದ ತೆಗೆದ ಚಿನ್ನದಲ್ಲಿ ಮೂರನೇ ಒಂದು ಪಾಲಿನಷ್ಟು ಅಲ್ಲಿಂದಲೇ ಬಂದಿದೆ.

1886ರಲ್ಲಿ ಅದು ಪತ್ತೆಯಾಗದಿದ್ದರೆ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿ, ಬಂದರು ಇಲ್ಲ, ದೊಡ್ಡ ಹೊಳೆ ಇಲ್ಲ, ಅಂಥ ಕಡೆ ಯಾರು ಊರು ಕಟ್ಟುತ್ತಿದ್ದರು? ಊರು ಹುಟ್ಟಿ ಎರಡೇ ವರ್ಷಕ್ಕೆ ವಾಂಡರರ್ಸ್ ಅನ್ನುವ ಕ್ರೀಡಾ ಕ್ಲಬ್ ಶುರುವಾಯಿತು. ಕೆಜಿಎಫ್‌ನಲ್ಲೂ ಹಾಗೇ ತಾನೆ, ಗಣಿ ಬಂದ ಹಿಂದೆಯೇ ಕ್ಲಬ್ಬೂ ಬಂತು.

ಆ ಎತ್ತರದಲ್ಲಿ ಗಾಳಿ ಕಡಲತೀರಕ್ಕಿಂತ ಶೇ 15ರಷ್ಟು ತೆಳು. ಚೆಂಡನ್ನು ಗಾಳಿ ಹಿಂದಕ್ಕೆಳೆಯುವ ಬಲವೂ ಅಷ್ಟೇ ಕಡಿಮೆ. ಕಡಲತೀರದ ಡರ್ಬನ್ನಿನಲ್ಲಿ ಬೌಂಡರಿ ಗೆರೆಯ ಹತ್ತಿರ ಕ್ಯಾಚ್ ಆಗುವ ಹೊಡೆತ ಜೋಹಾನ್ಸ್‌ಬರ್ಗಿನ ವಾಂಡರರ್ಸ್ ಮೈದಾನದಲ್ಲಿ ಕೆಲವು ಮೀಟರ್ ಮುಂದೆ ಹೋಗಿ ಸಿಕ್ಸರ್ ಆಗಬಹುದು. ಪಾಪ, ಬೌಲರ್‌ಗೆ ಎರಡು ಕಡೆಯಿಂದಲೂ ಪೆಟ್ಟು. ಚೆಂಡು ಸ್ವಿಂಗ್ ಆಗುವುದೂ ಗಾಳಿ ಪಕ್ಕಕ್ಕೆ ತಳ್ಳುವುದರಿಂದಲೇ ಅಲ್ವಾ!

2006ರ ಮಾರ್ಚ್ 12ರಂದು ಏಕದಿನ ಪಂದ್ಯವೊಂದರಲ್ಲಿ ಆಸ್ಟ್ರೇಲಿಯಾ ಇದೇ ಮೈದಾನದಲ್ಲಿ 434 ಹೊಡೆದು ನಿರಾಳವಾಗಿತ್ತು. ದಕ್ಷಿಣ ಆಫ್ರಿಕಾದ ಹರ್ಷೆಲ್ ಗಿಬ್ಸ್ 111 ಎಸೆತಕ್ಕೆ 175 ಬಾರಿಸಿದರು. ಅವರ ತಂಡ ಒಂದು ಎಸೆತ ಉಳಿದಿರುವಾಗ 438 ಮುಟ್ಟಿತು. ಎಲ್ಲವನ್ನೂ ಗಾಳಿಯ ಲೆಕ್ಕಕ್ಕೆ ಹಾಕಬೇಡಿ, ಪಿಚ್ಚೂ ಚಪ್ಪಟೆಯಾಗಿತ್ತು. 900 ಮೀಟರಿನ ಆಸುಪಾಸಿನಲ್ಲಿರುವ ನಮ್ಮ ಚಿನ್ನಸ್ವಾಮಿಗೂ ಇದೇ ಮಾತು. ಅಲ್ಲಿ ಗಾಳಿ ಶೇ 8ರಷ್ಟು ತೆಳು, ನಿಜ. ಆದರೆ ಬೌಂಡರಿಯೂ ಚಿಕ್ಕದು.