ಪದ ಪರಿಚಯ: ಸಿಎನ್‌ಜಿ ಕಿಟ್

‘ಗಾಡಿಗೆ ಗ್ಯಾಸ್ ಹಾಕಿಸಿದೆ’ ಅಂದರೆ ನಮ್ಮಲ್ಲಿ ಎರಡು ಅರ್ಥ. ಬಂಕಿಗೆ ಹೋಗಿ ತುಂಬಿಸಿಕೊಂಡು ಬಂದೆ ಅನ್ನೋದು ಒಂದು. ಪೆಟ್ರೋಲ್ ಗಾಡಿಗೆ ಕಿಟ್ ಕೂರಿಸಿ ಗ್ಯಾಸ್ ಗಾಡಿ ಮಾಡಿಸಿದೆ ಅನ್ನೋದು ಇನ್ನೊಂದು. ಕೋಲಾರದ ಮಂಡಿಗೆ ಪಿಕಪ್‌ನಲ್ಲಿ ಟೊಮೆಟೊ ಹೊಡೆಯುವ ನಮ್ಮ ಪರಿಚಯದ ಅಣ್ಣನೊಬ್ಬರು ಎರಡನೆಯದಕ್ಕೆ ಮನಸ್ಸು ಮಾಡಿದ್ದರು. “ಏನಿದೆ ಸಾರ್ ಅದ್ರಲ್ಲಿ, ಒಂದು ಸಿಲಿಂಡ್ರು, ಒಂದು ಪೈಪು, ಒಂದು ಸ್ವಿಚ್ಚು” ಅಂದರು. ಪಟ್ಟಿ ತಪ್ಪಲ್ಲ. ಆದರೆ ಆ ಮೂರರಲ್ಲಿ ಸಿಲಿಂಡರು ಎಂಬುದೊಂದೇ ಗಾಡಿಯ ದುಡಿಮೆಯ ಲೆಕ್ಕವನ್ನೆಲ್ಲ ತಿರುಗಿಸಿಬಿಡುತ್ತದೆ. ಕಾರಿನವರಿಗೆ ಡಿಕ್ಕಿಯ ಜಾಗ ಹೋಯಿತಲ್ಲ ಎಂಬ ಬೇಸರ ಅಷ್ಟೆ. ಪಿಕಪ್‌ನವರಿಗೆ ಅದು ಬಾಡಿಗೆಯ ಪ್ರಶ್ನೆ.

ಸಿಎನ್‌ಜಿ (ಕಂಪ್ರೆಸ್ಡ್ ನ್ಯಾಚುರಲ್ ಗ್ಯಾಸ್) ಎಂಬ ಮೂರಕ್ಷರದಲ್ಲಿ ನಾವು ‘ಜಿ’ಯನ್ನು ಮಾತ್ರ ಕೇಳಿಸಿಕೊಳ್ಳುತ್ತೇವೆ: ಗ್ಯಾಸ್. ಅಡುಗೆಮನೆಯಲ್ಲಿ ಇರೋದೂ ಗ್ಯಾಸ್, ಬೆಂಗಳೂರಿನ ಆಟೋಗಳಲ್ಲಿ ವರ್ಷಗಟ್ಟಲೆ ಓಡಿದ್ದೂ ಗ್ಯಾಸ್. ಹಾಗಾಗಿ ಎಲ್ಲ ಒಂದೇ ಅನಿಸುತ್ತದೆ. ಆದರೆ ಅಡುಗೆಯದು, ಆಟೋದ್ದು ಎಲ್‌ಪಿಜಿ. ಸ್ವಲ್ಪ ಒತ್ತಿದರೆ ಸಾಕು, ಅದು ದ್ರವವಾಗಿ ಸಿಲಿಂಡರಿನೊಳಗೆ ಕೂರುತ್ತದೆ. ಅದಕ್ಕೇ ಅಡುಗೆ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಕುಲುಕುವುದು ಗೊತ್ತಾಗುತ್ತದೆ. ಸಿಎನ್‌ಜಿಯಲ್ಲಿ ಇರುವುದು ಬಹುಪಾಲು ಮೀಥೇನ್, ಅಂದರೆ ಗೋಬರ್ ಗ್ಯಾಸಿನಲ್ಲಿ ಉರಿಯುವ ಅದೇ ಅನಿಲ. ನಮ್ಮ ಊರಿನ ಸೆಖೆಯಲ್ಲಿರಲಿ, ಹಿಮ ಬೀಳುವ ಚಳಿಯಲ್ಲೂ ಅದನ್ನು ಎಷ್ಟು ಒತ್ತಿದರೂ ದ್ರವವಾಗದು. ಮಾಮೂಲಿ ಒತ್ತಡದಲ್ಲಿ ದ್ರವ ಮಾಡಬೇಕೆಂದರೆ ಮೈನಸ್ 162 ಡಿಗ್ರಿಗೆ ತಣಿಸಬೇಕು. ಗಾಡಿಯಲ್ಲಿ ಅದು ಆಗುವ ಮಾತಲ್ಲ. ಉಳಿದ ದಾರಿ ಒಂದೇ: ಅನಿಲವನ್ನು ಅನಿಲವಾಗಿಯೇ ಹಿಡಿದು ಒತ್ತುವುದು. ಮೊದಲಕ್ಷರ ‘ಸಿ’ ಅಂದರೆ ಅದೇ, ಒತ್ತಿ ತುಂಬಿದ್ದು. ಕಿಟ್ಟಿನ ಕಥೆಯೆಲ್ಲ ಈ ಒಂದಕ್ಷರದಲ್ಲಿದೆ.

ಎಷ್ಟು ಒತ್ತುತ್ತಾರೆ? 200 ಬಾರ್. ಕಾರಿನ ಟೈರಿನಲ್ಲಿರುವ ಗಾಳಿಯ ಸುಮಾರು ನೂರು ಪಟ್ಟು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಸಿಲಿಂಡರಿನ ಒಳಮೈಯ ಬೆರಳುಗುರಿನಷ್ಟು ಜಾಗದ ಮೇಲೆ 50 ಕೆಜಿಯ ನಾಲ್ಕು ಅಕ್ಕಿ ಮೂಟೆ ಹೇರಿದ ಹಾಗೆ. ಈ ಭಾರ ತಡೆಯಬೇಕಾದ್ದರಿಂದ ಮಾಮೂಲಿ ಸಿಎನ್‌ಜಿ ಸಿಲಿಂಡರು ದಪ್ಪ ಉಕ್ಕಿನದು, ಮೈಮೇಲೆ ಎಲ್ಲೂ ವೆಲ್ಡಿಂಗ್ ಇರುವುದಿಲ್ಲ. ಅಡುಗೆ ಸಿಲಿಂಡರಿನ ಹೊಟ್ಟೆಯ ಸುತ್ತ ಬೆಸುಗೆಯ ಗೆರೆ ಕಾಣುತ್ತದೆ, ಇದರಲ್ಲಿ ಹುಡುಕಿದರೂ ಸಿಗದು. ಎಲ್‌ಪಿಜಿ ಟ್ಯಾಂಕಿಗೆ ಸಿಎನ್‌ಜಿ ತುಂಬಿಸಿದರಾಯಿತು ಎಂದು ಯಾರಾದರೂ ಹೇಳಿದರೆ ಅವರ ಶೆಡ್ಡಿನಿಂದ ಗಾಡಿ ಹೊರಗೆ ತೆಗೆಯಿರಿ.

ಈಗ ಅಣ್ಣನ ಲೆಕ್ಕಕ್ಕೆ ಬರೋಣ. 60 ಲೀಟರು ನೀರು ಹಿಡಿಯುವ ಸಿಲಿಂಡರಿನಲ್ಲಿ ಗ್ಯಾಸು ಹಿಡಿಸುವುದು 9 ಕೆಜಿ ಆಸುಪಾಸು. ಒಂದು ಕೆಜಿ ಸಿಎನ್‌ಜಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ಲೀಟರು ಪೆಟ್ರೋಲಿನ ಶಕ್ತಿ ಇದೆ. ಅಂದರೆ 9 ಕೆಜಿ ಗ್ಯಾಸು 13 ಲೀಟರು ಪೆಟ್ರೋಲಿಗೆ ಸಮ. ಆ 13 ಲೀಟರು ಪೆಟ್ರೋಲನ್ನು ಒಂದು ಸಣ್ಣ ಕ್ಯಾನಿನಲ್ಲಿ ಒಬ್ಬ ಹುಡುಗ ಎತ್ತಿಕೊಂಡು ಬರಬಹುದು, ತೂಕ 10 ಕೆಜಿಯೂ ಇಲ್ಲ. ಅಷ್ಟೇ ಶಕ್ತಿಯ ಗ್ಯಾಸಿಗೆ ಬೇಕಾದ ಉಕ್ಕಿನ ಸಿಲಿಂಡರು ಮಾತ್ರ, ಹಿಡಿಯುವ ನೀರಿನ ಲೀಟರಿಗೆ ಒಂದು ಕೆಜಿ ಎಂದು ಹಿಡಿದರೂ, 60 ಕೆಜಿ ತೂಗುತ್ತದೆ. ದಿನಕ್ಕೆರಡು ಟ್ರಿಪ್ ಹೊಡೆಯಲು ಎರಡು ಸಿಲಿಂಡರು ಬೇಕೆಂದರೆ ಖಾಲಿ ಉಕ್ಕೇ 120 ಕೆಜಿ. ಕೋಲಾರದ ಟೊಮೆಟೊ ಬಾಕ್ಸು 15 ಕೆಜಿಯದು. ಎಂಟು ಬಾಕ್ಸಿನ ತೂಕ ಗಾಡಿಯ ಮೇಲೆ ಕಾಯಂ ಕೂತಿರುತ್ತದೆ, ಮಂಡಿಯಲ್ಲಿ ಅದನ್ನು ಹರಾಜು ಕೂಗುವವರಿಲ್ಲ. ಮುಕ್ಕಾಲು ಟನ್ ಹೊರುವ ಸಣ್ಣ ಗಾಡಿಗೆ ಇದು ಸಣ್ಣ ಕಡಿತವಲ್ಲ. ಉಕ್ಕಿನ ಬದಲು ನಾರು ಸುತ್ತಿದ ಹಗುರ ಸಿಲಿಂಡರುಗಳೂ ಇವೆ. ಒಳಗೆ ಪ್ಲಾಸ್ಟಿಕ್ ಹೊದಿಕೆ, ಹೊರಗೆಲ್ಲ ಕಾರ್ಬನ್ ನಾರು ಇರುವುದನ್ನು ನಾಲ್ಕನೇ ಬಗೆ ಎನ್ನುತ್ತಾರೆ. ತೂಕ ಇಳಿಯುತ್ತದೆ, ಬೆಲೆ ಏರುತ್ತದೆ.

ಎಲ್ಲಿ ಕೂರಿಸೋದು ಅನ್ನೋದು ಇನ್ನೊಂದು ತಲೆನೋವು. ಕ್ಯಾಬಿನ್ ಬೆನ್ನಿಗೆ ಫ್ರೇಮ್ ಕಟ್ಟಿ ನಿಲ್ಲಿಸಿದರೆ ಬಾಡಿಯ ಉದ್ದ ಹೋಯಿತು. ಬಾಡಿಯ ಕೆಳಗೆ ಚಾಸಿಗೆ ಪಟ್ಟಿ ಹಾಕಿ ಕಟ್ಟಿದರೆ ಜಾಗ ಉಳಿಯುತ್ತದೆ, ಆದರೆ ತೋಟದ ಹಾದಿಯ ಕಲ್ಲು, ಹಂಪು, ಕೆಸರು ಎಲ್ಲಕ್ಕೂ ಹತ್ತಿರವಾಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಪಿಕಪ್ ಕಾರಿಗಿಂತ ಮೇಲು. ಮೀಥೇನ್ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರಿ ಚದುರಿಹೋಗುತ್ತದೆ. ಎಲ್‌ಪಿಜಿ ಭಾರ, ನೆಲದಲ್ಲೇ ಮಡುಗಟ್ಟುತ್ತದೆ. ಕಾರಿನ ಮುಚ್ಚಿದ ಡಿಕ್ಕಿಯಲ್ಲಿ ಸೋರಿದ ಗ್ಯಾಸನ್ನು ಹೊರಗೆ ಬಿಡಲು ಬೇರೆ ಏರ್ಪಾಡು ಬೇಕು, ತೆರೆದ ಗಾಡಿಗೆ ಆ ಪೀಕಲಾಟ ಕಡಿಮೆ.

ಸಿಲಿಂಡರಿನಿಂದ ಮುಂದೆ ಇರುವುದೆಲ್ಲ ಆ 200 ಬಾರನ್ನು ಪಳಗಿಸುವ ಕೆಲಸ. ಉಕ್ಕಿನ ಸಣ್ಣ ಪೈಪಿನಲ್ಲಿ ಬರುವ ಗ್ಯಾಸು ಮೊದಲು ರೆಡ್ಯೂಸರ್ ಎಂಬ ಡಬ್ಬಿಗೆ ಬರುತ್ತದೆ. ಅಲ್ಲಿ ಒತ್ತಡ ಒಂದೆರಡು ಬಾರ್‌ಗೆ ಇಳಿಯುತ್ತದೆ. ಒತ್ತಡ ಹೀಗೆ ದಿಢೀರನೆ ಇಳಿದಾಗ ಗ್ಯಾಸು ಮಂಜಿನಂತೆ ತಣ್ಣಗಾಗಿ ರೆಡ್ಯೂಸರೇ ಹೆಪ್ಪುಗಟ್ಟಬಹುದು. ಅದಕ್ಕೆ ರೇಡಿಯೇಟರಿನ ಬಿಸಿನೀರನ್ನು ಅದರ ಸುತ್ತ ಹಾಯಿಸುತ್ತಾರೆ. ಬೆಳಿಗ್ಗೆ ಗಾಡಿ ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ಇಂಜಿನ್ ಬಿಸಿಯಾದ ಮೇಲೆ ತಾನಾಗಿ ಗ್ಯಾಸಿಗೆ ತಿರುಗುವುದಕ್ಕೆ ಕಾರಣ ಇದೇ. ಹಳೆಯ ಕಿಟ್ಟುಗಳಲ್ಲಿ ಗ್ಯಾಸನ್ನು ಗಾಳಿಯ ದಾರಿಯಲ್ಲೇ ಮಿಕ್ಸರ್ ಇಟ್ಟು ಬೆರೆಸುತ್ತಿದ್ದರು. ಈಗ ಮೆಕ್ಯಾನಿಕ್‌ಗಳು ‘ಸೀಕ್ವೆನ್ಷಿಯಲ್’ ಅನ್ನುವ ಕಿಟ್ಟಿನಲ್ಲಿ ಇಂಜಿನ್ನಿನ ಪ್ರತಿ ಸಿಲಿಂಡರಿಗೂ ಗ್ಯಾಸು ಚಿಮ್ಮಿಸುವ ಬೇರೆ ಇಂಜೆಕ್ಟರ್, ಅವಕ್ಕೆ ಅಪ್ಪಣೆ ಕೊಡಲು ಪುಟ್ಟ ಕಂಪ್ಯೂಟರ್.

ಇಷ್ಟಾದರೂ ಕಿಟ್ ಹಾಕಿಸಿದ ತಿಂಗಳಲ್ಲಿ ಒಂದು ದೂರು ಬಂದೇ ಬರುತ್ತದೆ: ಪಿಕಪ್ ಗಾಡಿಗೆ ಪಿಕಪ್ಪೇ ಇಲ್ಲ! ದೂರು ನಿಜ. ಗ್ಯಾಸು ತಾನೇ ಜಾಗ ಆಕ್ರಮಿಸುವುದರಿಂದ ಇಂಜಿನ್ ಒಳಗೆ ಹೋಗುವ ಗಾಳಿ ಅಷ್ಟು ಕಡಿಮೆಯಾಗುತ್ತದೆ, ಶಕ್ತಿ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ಮೀಥೇನಿನ ಆಕ್ಟೇನ್ ಅಂಕ (ಇಂಜಿನ್ನಿನೊಳಗೆ ಒತ್ತಿದಾಗ ಅಕಾಲದಲ್ಲಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ) ಪೆಟ್ರೋಲಿಗಿಂತ ಬಹಳ ಮೇಲಿದೆ, 120 ದಾಟುತ್ತದೆ. ಅದಕ್ಕೆಂದೇ ಹೆಚ್ಚು ಕಂಪ್ರೆಷನ್ನಿನ ಇಂಜಿನ್ ಮಾಡಿದರೆ ಈ ನಷ್ಟ ಬಹುಪಾಲು ವಸೂಲಾದೀತು. ಕಿಟ್ ಹಾಕಿದ ಇಂಜಿನ್ನಿಗೆ ಆ ಭಾಗ್ಯವಿಲ್ಲ, ಅದು ಹುಟ್ಟಿದ್ದು ಪೆಟ್ರೋಲಿಗೆ. ಘಾಟಿ ಹತ್ತುವಾಗ ಡ್ರೈವರುಗಳು ಸ್ವಿಚ್ ಒತ್ತಿ ಪೆಟ್ರೋಲಿಗೆ ಬರುವುದು ಇದಕ್ಕೇ. ಹಾಗೆ ಬರಬೇಕಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇರಬೇಕಲ್ಲ! ಗ್ಯಾಸು ಇದೆಯೆಂದು ಟ್ಯಾಂಕನ್ನು ಒಣಗಲು ಬಿಟ್ಟರೆ, ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರಬೇಕಾದ ಪಂಪು ಸುಟ್ಟು ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪೆಟ್ರೋಲ್ ಗಾಡಿಯ ಮಾತು. ನಮ್ಮ ಹಳ್ಳಿಗಳಲ್ಲಿ ಓಡುವ ಪಿಕಪ್‌ಗಳು ಹೆಚ್ಚಿನವು ಡೀಸೆಲ್‌ನವು. ‘ಡೀಸೆಲ್ ಗಾಡಿಗೂ ಕಿಟ್ ಹಾಕಬಹುದಾ?’ ಎಂಬ ಪ್ರಶ್ನೆಗೆ ನೇರ ಉತ್ತರ: ಪೆಟ್ರೋಲ್ ಗಾಡಿಗೆ ಹಾಕುವ ಹಾಗೆ ಆಗದು. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರ ಮೇಲೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇನ್ನೂರು ಚಿಲ್ಲರೆ ಡಿಗ್ರಿಯಲ್ಲೇ ತಾನಾಗಿ ಹೊತ್ತುವ ಸ್ವಭಾವದ್ದು. ಮೀಥೇನಿಗೆ 540 ಡಿಗ್ರಿ ಹತ್ತಿರ ಬೇಕು, ಒಲೆಗೆ ಕಡ್ಡಿ ಗೀರಿದ ಹಾಗೆ ಯಾರಾದರೂ ಕಿಡಿ ಕೊಡಲೇಬೇಕು. ಹಾಗಾಗಿ ಡೀಸೆಲ್ ಇಂಜಿನ್ನಿಗೆ ದಾರಿ ಮೂರು: ಹೆಡ್ ಬಿಚ್ಚಿ ಇಂಜೆಕ್ಟರ್ ಜಾಗದಲ್ಲಿ ಸ್ಪಾರ್ಕ್ ಪ್ಲಗ್ ಕೂರಿಸಿ ಕಂಪ್ರೆಷನ್ ಇಳಿಸುವುದು, ಇಡೀ ಇಂಜಿನ್ನನ್ನೇ ಬದಲಾಯಿಸುವುದು, ಇಲ್ಲವೇ ಸ್ವಲ್ಪ ಡೀಸೆಲ್ಲನ್ನು ಕಡ್ಡಿಯಂತೆ ಬಳಸಿ ಅದರ ಬೆಂಕಿಯಲ್ಲಿ ಗ್ಯಾಸು ಉರಿಸುವುದು. ಈ ಮೂರನೆಯದಕ್ಕೆ ‘ಡ್ಯುಯಲ್ ಫ್ಯೂಯಲ್’ ಎಂದು ಹೆಸರು, ಎರಡು ಇಂಧನವೂ ಒಟ್ಟಿಗೆ ಉರಿಯುತ್ತವೆ. ಪೆಟ್ರೋಲ್ ಗಾಡಿಯ ಕಿಟ್ಟು ‘ಬೈ ಫ್ಯೂಯಲ್’, ಒಂದು ಸಲಕ್ಕೆ ಒಂದೇ ಇಂಧನ. ಜಾಹೀರಾತುಗಳಲ್ಲಿ ಎರಡೂ ಪದ ಕಲಸಿಹೋಗಿವೆ.

ಅಂದಹಾಗೆ, ಪೆಟ್ರೋಲ್ ಇಂಜಿನ್ನಿಗೆ ಗ್ಯಾಸು ಕುಡಿಸುವುದು ನಮ್ಮ ನಾಡಿಗೆ ಹೊಸತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರಿಂದ ಹೊರಡುವ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಈಗಿನ ಸಿಎನ್‌ಜಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ದೆಹಲಿಯಿಂದ. ಅಲ್ಲಿನ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಸುಪ್ರೀಂ ಕೋರ್ಟ್ 1998ರ ಜುಲೈನಲ್ಲಿ ಆದೇಶಿಸಿತು. ಕರ್ನಾಟಕಕ್ಕೆ ಗ್ಯಾಸು ಕೊಳವೆಯಲ್ಲಿ ಬಂದದ್ದು ತಡವಾಗಿ: ದಾಭೋಲ್–ಬೆಂಗಳೂರು ಮಾರ್ಗ 2013ರಲ್ಲಿ ಚಾಲೂ ಆಯಿತು, ಕೊಚ್ಚಿ–ಮಂಗಳೂರು ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಕೊಳವೆ ಮುಟ್ಟದ ಊರಿನ ಬಂಕಿಗೆ ಗ್ಯಾಸು ಬರುವುದು ಲಾರಿಯಲ್ಲಿ, ಸಿಲಿಂಡರುಗಳ ಗೊಂಚಲಿನ ರೂಪದಲ್ಲಿ. ಆ ಗೊಂಚಲು ಬರಿದಾಗುತ್ತ ಬಂದಂತೆ ಒತ್ತಡ ಬೀಳುತ್ತದೆ, ಸಾಲಿನ ಕೊನೆಯ ಗಾಡಿಗೆ ‘ಫುಲ್’ ಅಂದರೂ ಆರೇಳು ಕೆಜಿ ಸಿಕ್ಕೀತು. ರಭಸವಾಗಿ ತುಂಬುವಾಗ ಗ್ಯಾಸು ಬಿಸಿಯಾಗುತ್ತದೆ, ಬಿಸಿಯಾದದ್ದು ಹಿಗ್ಗುತ್ತದೆ, ಅದಕ್ಕೂ ಒಂದಿಷ್ಟು ಖೋತಾ. ಬಂಕಿನವರು ಮೋಸ ಮಾಡಿದರೆಂದು ಜಗಳಕ್ಕಿಳಿಯುವ ಮುನ್ನ ಇದು ತಿಳಿದಿರಲಿ.

ಕಾಗದದ ಕಡೆ ಹೆಚ್ಚು ಹೇಳುವುದಿಲ್ಲ. ಕಿಟ್ಟು ಯಾವುದೋ ಒಂದಲ್ಲ, ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದದ್ದಿರಬೇಕು. ಆರ್‌ಟಿಓದಲ್ಲಿ ಆರ್‌ಸಿಗೆ ‘ಪೆಟ್ರೋಲ್/ಸಿಎನ್‌ಜಿ’ ಎಂದು ಸೇರಿಸಬೇಕು, ವಿಮೆಯವರಿಗೂ ತಿಳಿಸಬೇಕು. ಬಿಎಸ್ 6 ಎಂಬ ಹೊಸ ಹೊಗೆ ನಿಯಮದ ಗಾಡಿಗಳಿಗೆ ಕಿಟ್ ಹಾಕಿಸಲು ಮೊದಲು ಅವಕಾಶವಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಗಾಡಿಗೆ ಕಿಟ್ ಹಾಕಲೂ, 3.5 ಟನ್ನಿಗಿಂತ ಕಡಿಮೆಯ ಡೀಸೆಲ್ ಗಾಡಿಯ ಇಂಜಿನ್ನನ್ನು ಗ್ಯಾಸಿನ ಇಂಜಿನ್ನಿಗೆ ಬದಲಾಯಿಸಲೂ ಅನುಮತಿ ಕೊಟ್ಟಿತು. ಈ ಗಲಾಟೆಯೇ ಬೇಡವೆನ್ನುವವರಿಗೆ ಕಂಪನಿಯಲ್ಲೇ ಸಿಎನ್‌ಜಿ ಕೂರಿಸಿ ಬರುವ ಸಣ್ಣ ಸರಕು ಗಾಡಿಗಳು ಈಗ ಬೇಕಾದಷ್ಟಿವೆ. ಮಾರುತಿಯ ಸೂಪರ್ ಕ್ಯಾರಿಯ ಸಿಎನ್‌ಜಿ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕು ಆಪತ್ತಿಗೆಂದು ಬರೀ 5 ಲೀಟರಿನದು.

ಜತೆಗೆ ಕಲಿಯಬೇಕಾದ ಇನ್ನೊಂದು ಪದ ‘ಹೈಡ್ರೋ ಟೆಸ್ಟ್’. ಮೂರು ವರ್ಷಕ್ಕೊಮ್ಮೆ ಸಿಲಿಂಡರು ಬಿಚ್ಚಿ, ಒಳಗೆ ನೀರು ತುಂಬಿ, ಮಾಮೂಲಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಒತ್ತಿ ನೋಡುತ್ತಾರೆ. ನೀರೇ ಯಾಕೆ ಅಂದರೆ, ನೀರು ಗ್ಯಾಸಿನಂತೆ ಕುಗ್ಗುವುದಿಲ್ಲ, ಸಿಲಿಂಡರು ಬಿರುಕು ಬಿಟ್ಟರೂ ಸಿಡಿಯುವುದಿಲ್ಲ, ಸೋರಿ ಸುಮ್ಮನಾಗುತ್ತದೆ. ಹಳೇ ಗ್ಯಾಸ್ ಪಿಕಪ್ ಕೊಳ್ಳುವವರು ಕಿಲೋಮೀಟರ್ ನೋಡುವ ಮುಂಚೆ ಸಿಲಿಂಡರಿನ ಕುತ್ತಿಗೆಯ ಮೇಲೆ ಕೊರೆದ ನಂಬರು ಟೆಸ್ಟ್ ಸರ್ಟಿಫಿಕೇಟಿನ ನಂಬರಿಗೆ ಹೊಂದುತ್ತದೆಯೇ ನೋಡಲಿ.

ನಮ್ಮ ಅಣ್ಣ ಲೆಕ್ಕ ಹಾಕಿ ಹಾಕಿ, ಎರಡರ ಬದಲು ಒಂದೇ ಸಿಲಿಂಡರನ್ನು ಬಾಡಿಯ ಕೆಳಗೆ ಕಟ್ಟಿಸಿದರು. “ನಾಲ್ಕು ಬಾಕ್ಸು ಹೋಯ್ತು, ನಾಲ್ಕು ಉಳೀತು” ಅಂದರು. ಈಗ ದಿನಾ ಬಂಕಿನ ಸಾಲಿನಲ್ಲಿರುತ್ತಾರೆ.