ಉಸಿರು ಬಿಡುವುದೇ ಕಷ್ಟದ ಕೆಲಸ

ಧಾರವಾಡದ ಸಂಗೀತ ರಸಿಕರಿಗೆ ದಮ್ಮಿನ ಮೇಲೆ ಬಹಳ ಭಕ್ತಿ. ಗಾಯಕರು ತಾರಷಡ್ಜದ ಮೇಲೆ ಅಲುಗದೆ ನಿಂತರೆಂದರೆ ಸಭೆಯಲ್ಲಿ ತಲೆಗಳು ಒಂದೊಂದಾಗಿ ತೂಗತೊಡಗುತ್ತವೆ. ಮಧ್ಯಂತರದಲ್ಲಿ ಚಹಾ ಕುಡಿಯುತ್ತಾ ಚರ್ಚೆ ಶುರುವಾಗುತ್ತದೆ: ಭೀಮಸೇನ ಜೋಶಿಯವರ ಎದೆಯೇ ಬೇರೆ, ಗಂಗೂಬಾಯಿ ಹಾನಗಲ್ಲರ ಶ್ವಾಸಕೋಶ ಸಾಮಾನ್ಯದ್ದಲ್ಲ. ಅಭಿಮಾನದ ಮಾತಾದ್ದರಿಂದ ಯಾರೂ ತಕರಾರು ತೆಗೆಯುವುದಿಲ್ಲ. ನಾನು ತೆಗೆಯುತ್ತೇನೆ. ಶ್ವಾಸಕೋಶದ ಗಾತ್ರ ಬಹುಮಟ್ಟಿಗೆ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಅವಲಂಬಿಸಿದೆ. ರಿಯಾಜ್ ಮಾಡಿದಷ್ಟೂ ಅದು ಹಿಗ್ಗುತ್ತಾ ಹೋಗುವುದಿಲ್ಲ. ವರ್ಷಗಟ್ಟಲೆ ಖರ್ಜ, ಅಂದರೆ ಕೆಳಗಿನ ಸ್ವರಗಳ ಸಾಧನೆ, ಹಿಡಿದವರಲ್ಲಿ ಪಳಗುವುದು ಬೇರೆಯೇ ಒಂದು ವಿದ್ಯೆ. ನನಗಂತೂ ಅದು ದೊಡ್ಡ ಶ್ವಾಸಕೋಶಕ್ಕಿಂತ ಹೆಚ್ಚು ಸೋಜಿಗದ್ದು.

ಶ್ವಾಸಕೋಶದಲ್ಲಿ ಗಾಳಿಯನ್ನು ಒಳಗೆಳೆಯುವ ಸ್ನಾಯುವೇ ಇಲ್ಲ. ಎಳೆಯುವ ಕೆಲಸವೆಲ್ಲ ಹೊರಗಿನದು. ಎದೆ ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆ ಒಂದೆರಡು ಸೆಂಟಿಮೀಟರ್ ಇಳಿಯುತ್ತದೆ, ಪಕ್ಕೆಲುಬುಗಳು ತುಸು ಮೇಲೇಳುತ್ತವೆ, ಎದೆಗೂಡು ಅಗಲವಾಗುತ್ತದೆ. ಅದಕ್ಕೆ ಅಂಟಿಕೊಂಡ ಶ್ವಾಸಕೋಶವೂ ಬೇರೆ ದಾರಿಯಿಲ್ಲದೆ ಹಿಗ್ಗುತ್ತದೆ. ಒಳಗಿನ ಒತ್ತಡ ಇಳಿದು ಸುಮಾರು 500 ಮಿಲಿಲೀಟರ್ ಗಾಳಿ ನುಗ್ಗುತ್ತದೆ. ಎಷ್ಟು ಇಳಿಯುತ್ತದೆ? ನಮ್ಮನ್ನು ಸುತ್ತುವರಿದ ವಾತಾವರಣದ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಶಾಂತವಾಗಿ ಉಸಿರೆಳೆಯುವಾಗ ಒಳಗೆ ಕಡಿಮೆಯಾಗುವುದು ಅದರಲ್ಲಿ 1 ಸೆಂಟಿಮೀಟರಿನಷ್ಟು, ಸಾವಿರದಲ್ಲೊಂದು ಪಾಲು. ಜೀವಮಾನವಿಡೀ ಬದುಕು ನಡೆಯುವುದು ಇಷ್ಟು ಸಣ್ಣ ವ್ಯತ್ಯಾಸದಲ್ಲಿ.

ಎದೆಗೂಡು ಅಗಲವಾದರೆ ಗಾಳಿ ತಾನಾಗಿ ಒಳಬರುತ್ತದೆ ಎಂಬುದನ್ನು 17ನೇ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ಮೇಯೋ ತೋರಿಸಿದ್ದ. ಕಮ್ಮಾರನ ಕುಲುಮೆಯಲ್ಲಿರುವಂಥ ತಿದಿಯೊಂದರ ಒಳಗೆ ಪ್ರಾಣಿಯ ಮೂತ್ರಚೀಲ ಇಟ್ಟು, ತಿದಿ ಅಗಲಿಸಿದಾಗ ಚೀಲ ತಾನಾಗಿ ತುಂಬಿಕೊಳ್ಳುವುದನ್ನು ವಿವರಿಸಿದ. ಅದೇ ಕಾಲದ ರಾಬರ್ಟ್ ಹುಕ್ 1667ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನಡೆಸಿದ ಪ್ರಯೋಗ ಇನ್ನೂ ವಿಚಿತ್ರ. ಎದೆ ತೆರೆದ ನಾಯಿಯೊಂದರ ಶ್ವಾಸಕೋಶಕ್ಕೆ ಸಣ್ಣ ತೂತು ಮಾಡಿ, ಜೋಡಿ ತಿದಿಗಳಿಂದ ಗಾಳಿಯನ್ನು ಎಡೆಬಿಡದೆ ಹಾಯಿಸಿದ. ಶ್ವಾಸಕೋಶ ಅಲುಗದೆ ಉಬ್ಬಿ ನಿಂತಿತ್ತು, ನಾಯಿ ಬದುಕಿತ್ತು. ಆ ಕ್ರೌರ್ಯವನ್ನು ಇಂದು ಯಾವ ಸಮಿತಿಯೂ ಒಪ್ಪಲಾರದು. ಆದರೆ ಶ್ವಾಸಕೋಶದ ಚಲನೆಯೇ ಪ್ರಾಣ ಎಂಬ ನಂಬಿಕೆ ಅಂದೇ ಬಿದ್ದುಹೋಯಿತು. ಬೇಕಾದದ್ದು ಹೊಸ ಗಾಳಿ, ಅಷ್ಟೇ.

ಇನ್ನು ಉಸಿರು ಬಿಡುವ ವಿಚಾರ. ಹಿಗ್ಗಿದ ಶ್ವಾಸಕೋಶಕ್ಕೆ ಯಾವಾಗಲೂ ಕುಗ್ಗುವ ಹಟ. ಎದೆಗೋಡೆಗೆ ಗಾಯವಾಗಿ ನಡುವೆ ಗಾಳಿ ಹೊಕ್ಕರೆ ಅದು ಮುದುಡಿಕೊಳ್ಳುತ್ತದೆ, ಎದೆಗೂಡು ಹೊರಕ್ಕೆ ಸಿಡಿಯುತ್ತದೆ. ಹಾಗಾಗಿ ಕುಳಿತಲ್ಲಿ ಉಸಿರು ಬಿಡಲು ಶ್ರಮವೇ ಬೇಕಿಲ್ಲ, ಸ್ನಾಯುಗಳು ಸಡಿಲವಾದರೆ ಸಾಕು. ಗಾಯಕರಿಗೆ ತೊಂದರೆ ಶುರುವಾಗುವುದೇ ಇಲ್ಲಿ. ಎದೆ ತುಂಬಿಕೊಂಡಾಗ ಈ ಕುಗ್ಗುವ ಒತ್ತಡ 30 ಸೆಂಟಿಮೀಟರ್ ನೀರನ್ನೂ ದಾಟುತ್ತದೆ. ಮೆಲುದನಿಯ ಸ್ವರಕ್ಕೆ ಗಂಟಲ ಕೆಳಗೆ ಬೇಕಾದದ್ದು ಐದೋ ಹತ್ತೋ. ಸುಮ್ಮನೆ ಬಿಟ್ಟರೆ ಗಾಳಿಯೆಲ್ಲ ಒಮ್ಮೆಲೇ ಸೋರಿ ಸ್ವರ ಒಡೆಯುತ್ತದೆ. ಆದ್ದರಿಂದ ನುರಿತ ಗಾಯಕರು ಹಾಡುತ್ತಿರುವಾಗಲೂ ಉಸಿರೆಳೆಯುವ ಸ್ನಾಯುಗಳನ್ನೇ ಬಿಗಿಹಿಡಿದು ಬ್ರೇಕ್ ಹಾಕಿರುತ್ತಾರೆ. ಗಾಳಿ ಕಡಿಮೆಯಾದಂತೆ ಬ್ರೇಕ್ ಇಷ್ಟಿಷ್ಟೇ ಸಡಿಲಿಸಿ, ಕೊನೆಯಲ್ಲಿ ಹೊಟ್ಟೆಯ ಸ್ನಾಯುಗಳಿಂದ ಒತ್ತುತ್ತಾರೆ. ಹತ್ತಿರ ಕುಳಿತರೆ ನೋಡಬಹುದು: ಸ್ವರ ಹೊರಡುವಾಗ ಪಕ್ಕೆಲುಬುಗಳು ತೆರೆದೇ ಇರುತ್ತವೆ, ಹೊಟ್ಟೆ ಬಹಳ ನಿಧಾನವಾಗಿ ಒಳಸರಿಯುತ್ತದೆ. ಅವರ ದಮ್ಮು ಇರುವುದು ಆ ತಡೆಯಲ್ಲಿ.

ಆದರೆ ಜೋರಾಗಿ ಊದಿದರೆ ಕಥೆ ತಿರುಗುಮುರುಗು. ಈಗಲೇ ಮಾಡಿ ನೋಡಿ. ಪೂರ್ತಿ ಉಸಿರೆಳೆದುಕೊಂಡು, ಬಾಯಿ ಅಗಲ ತೆರೆದು, ಇರುವ ಬಲವೆಲ್ಲ ಹಾಕಿ ಬಿಡಿ. ಮೊದಲ ಕ್ಷಣ ಗಾಳಿ ಭರ್ರನೆ ಹೋಗುತ್ತದೆ. ಆಮೇಲೆ ಎಷ್ಟು ತಿಣುಕಿದರೂ ವೇಗ ಹೆಚ್ಚುವುದಿಲ್ಲ. ಕಾರಣ ಇಷ್ಟು: ಎದೆಯನ್ನು ಹಿಂಡಿದಾಗ ಶ್ವಾಸಕೋಶದ ತುದಿಯ ಪುಟ್ಟ ಗಾಳಿಗೂಡುಗಳ ಮೇಲೆ ಬಿದ್ದ ಒತ್ತಡವೇ ಗಾಳಿ ಹೊರಡುವ ನಳಿಕೆಗಳ ಮೇಲೂ ಹೊರಗಿನಿಂದ ಬೀಳುತ್ತದೆ. ನಳಿಕೆಯೊಳಗಿನ ಒತ್ತಡವಾದರೋ ಬಾಯಿಯ ಕಡೆಗೆ ಬಂದಂತೆ ಇಳಿಯುತ್ತಾ ಬರುತ್ತದೆ. ದಾರಿಯಲ್ಲಿ ಒಂದು ಕಡೆ ಒಳಗಿನದೂ ಹೊರಗಿನದೂ ಸಮವಾಗಿ, ಅದರಾಚೆ ಹೊರಗಿನದೇ ಗೆದ್ದು ನಳಿಕೆಯನ್ನು ಅಮುಕುತ್ತದೆ. ನೀವು ಇನ್ನಷ್ಟು ಬಲ ಹಾಕಿದರೆ ತಳ್ಳುವ ಶಕ್ತಿಯೂ ಹೆಚ್ಚಿತು, ಅಮುಕುವ ಶಕ್ತಿಯೂ ಹೆಚ್ಚಿತು. ಬಂದ ಲಾಭ ಶೂನ್ಯ. ಪೈಲ್ವಾನನಾದರೂ ಈ ಮಿತಿಯನ್ನು ದಾಟಲಾರ.

ಈ ಅಮುಕಾಟ ಬರೀ ಕೆಡುಕೂ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಗೆ ಸುಗ್ಗಿಯಲ್ಲಿ ಕಾಲಿಟ್ಟವರಿಗೆ ಗೊತ್ತು. ಆ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರು. ಆದರೂ ಚೀಲ ಸುರುವಿದಾಗ ಏಳುವ ಘಾಟಿಗೆ ಕೆಮ್ಮದವರಿಲ್ಲ. ಕೆಮ್ಮುವ ಮುನ್ನ ಗಂಟಲ ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆ, ಹೊಟ್ಟೆ ಬಿಗಿಯುತ್ತದೆ, ಒಳಗೆ ಒತ್ತಡ ಏರುತ್ತದೆ, ಬಾಗಿಲು ಸಟ್ಟನೆ ತೆರೆಯುತ್ತದೆ. ಶ್ವಾಸನಾಳದ ಹಿಂಬದಿಯಲ್ಲಿ ಮೃದ್ವಸ್ಥಿಯಿಲ್ಲ, ಮೆತ್ತನೆಯ ಪೊರೆಯಷ್ಟೇ ಇದೆ. ಅದು ಒಳಕ್ಕೆ ಬಾಗಿ ದಾರಿಯನ್ನು ಕಿರಿದಾಗಿಸುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿಯ ವೇಗ ವಿಪರೀತವಾಗಿ, ಅಂಟಿದ್ದ ಧೂಳು ಕಫಗಳನ್ನು ಕಿತ್ತುಕೊಂಡು ಹೋಗುತ್ತದೆ.

ಅದೇ ಅಮುಕಾಟ ಅಸ್ತಮಾದಲ್ಲಿ ಶಾಪ. ‘ಉಸಿರು ತೆಗೆದುಕೊಳ್ಳಲು ಆಗುತ್ತಿಲ್ಲ’ ಎಂದೇ ಎಲ್ಲರೂ ಹೇಳುತ್ತಾರೆ, ಆದರೆ ಮೂಲ ತೊಂದರೆ ಬಿಡುವುದರಲ್ಲಿದೆ. ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆದು ಗಾಳಿಗೂಡುಗಳನ್ನು ತಲುಪುತ್ತದೆ. ಆ ಕವಲುಗಳ ಸುತ್ತಲಿನ ಸ್ನಾಯು ಬಿಗಿದು ಒಳಪದರ ಊದಿಕೊಂಡರೆ ದಾರಿ ಕಿರಿದಾಗುತ್ತದೆ. ನಳಿಕೆಯ ಅಗಲ ಅರ್ಧವಾದರೆ ಗಾಳಿಗೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು. ಫ್ರಾನ್ಸಿನ ವೈದ್ಯ ಪೊಸೈ ರಕ್ತದ ಹರಿವಿನ ಬೆನ್ನುಹತ್ತಿ ಸಣ್ಣ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ ಕಂಡುಕೊಂಡ ಲೆಕ್ಕವಿದು. ಗಾಳಿ ಸುಳಿಯೇಳದೆ ಹರಿಯುವಲ್ಲಿ ಅದಕ್ಕೂ ಸಲ್ಲುತ್ತದೆ. ಉಸಿರೆಳೆಯುವಾಗ ಹಿಗ್ಗುವ ಶ್ವಾಸಕೋಶ ನಳಿಕೆಗಳನ್ನೂ ಎಳೆದು ಅಗಲಿಸುತ್ತದೆ. ಬಿಡುವಾಗ ಅವು ಮತ್ತೆ ಕಿರಿದಾಗುತ್ತವೆ, ಸುಯ್‌ ಸುಯ್‌ ಸದ್ದು ಅಲ್ಲಿಂದಲೇ. ಹೋಗಬೇಕಾದ ಗಾಳಿ ಪೂರ್ತಿ ಹೋಗುವಷ್ಟರಲ್ಲಿ ಮುಂದಿನ ಉಸಿರು ಬರುತ್ತದೆ. ಎದೆ ಉಬ್ಬಿಯೇ ನಿಲ್ಲುತ್ತದೆ, ವಪೆ ಚಪ್ಪಟೆಯಾಗುತ್ತದೆ, ಹೊಸ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಪಕ್ಕದಲ್ಲಿ ನಿಂತು ‘ಜೋರಾಗಿ ಉಸಿರು ಬಿಡು’ ಎಂದು ಹುರಿದುಂಬಿಸುವವರು ಆ ನಳಿಕೆಗಳನ್ನು ಇನ್ನಷ್ಟು ಅಮುಕಿಸುತ್ತಿರುತ್ತಾರೆ.

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆಯಿಂದಲೂ ಜನ ಅಸ್ತಮಾಕ್ಕೆಂದು ಹೈದರಾಬಾದಿನ ಮೀನಿನ ಮದ್ದಿಗೆ ಹೊರಡುತ್ತಾರೆ. ಬದುಕಿರುವ ಮರಿಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವುದು, ಅದು ಒದ್ದಾಡುತ್ತಾ ಇಳಿಯುವಾಗ ಗಂಟಲ ಕಫ ಬಿಡಿಸುತ್ತದೆ ಎಂಬುದು ನಂಬಿಕೆ. ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಗಿಲು ಮುಚ್ಚಿರುತ್ತದೆ. ಮೀನು ಹೋಗುವುದು ಅನ್ನನಾಳಕ್ಕೆ, ಅಲ್ಲಿಂದ ಜಠರಕ್ಕೆ. ಬಿಗಿದ ಕವಲುಗಳಿಗೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಅಸ್ತಮಾ ತಾನಾಗಿ ಏರಿ ಇಳಿಯುವ ಕಾಯಿಲೆ. ಇಳಿದಾಗ ಕೀರ್ತಿ ಮೀನಿಗೆ. ಇದೇ ಜನ ಇನ್‌ಹೇಲರ್ ಎಂದರೆ ಹಿಂಜರಿಯುತ್ತಾರೆ, ‘ಪಂಪ್ ಹಿಡಿದರೆ ಬಿಡುವುದಿಲ್ಲ’ ಎಂದು. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಮದ್ದಿದ್ದರೆ ಇನ್‌ಹೇಲರಿನ ಒಂದು ಸಲದ ಸಿಂಪಡಣೆಯಲ್ಲಿ 100 ಮೈಕ್ರೋಗ್ರಾಂ, ಅಂದರೆ ನಲವತ್ತರಲ್ಲಿ ಒಂದು ಪಾಲು. ಬೇಕಾದ ಜಾಗಕ್ಕೇ ನೇರವಾಗಿ ಹೋಗುವುದರಿಂದ ಅಷ್ಟೇ ಸಾಕು. ಅದು ಬಿಗಿತ ಸಡಿಲಿಸುವ ಮದ್ದು. ಊತ ಇಳಿಸಲು ವೈದ್ಯರು ದಿನನಿತ್ಯದ ಬೇರೆ ಇನ್‌ಹೇಲರ್ ಕೊಡುತ್ತಾರೆ, ಅದನ್ನು ಚೆನ್ನಾಗಿದ್ದಾಗಲೂ ಬಿಡಬಾರದು.

ಲಂಡನ್ನಿನ ಜಾನ್ ಹಚಿನ್ಸನ್ 1846ರಲ್ಲಿ ಉಸಿರಿನ ಗಾಳಿ ಅಳೆಯುವ ಸ್ಪೈರೋಮೀಟರಿನ ವಿವರ ಪ್ರಕಟಿಸಿದಾಗ ಅಳೆದದ್ದೂ ಬಿಟ್ಟ ಉಸಿರನ್ನೇ. ಇಂದು ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ತಂತ್ರಜ್ಞರು ‘ಬಿಡಿ, ಬಿಡಿ, ಇನ್ನೂ ಬಿಡಿ’ ಎಂದು ಕೂಗುವುದು ಅದೇ ಪರೀಕ್ಷೆಗಾಗಿ. ಆರೋಗ್ಯವಂತ ವಯಸ್ಕರು ಒಟ್ಟು ಗಾಳಿಯ ಮುಕ್ಕಾಲು ಪಾಲಿನಷ್ಟನ್ನು ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾರೆ. ಆ ಪಾಲು ಕಡಿಮೆಯಿದ್ದರೆ ಇನ್‌ಹೇಲರ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸುತ್ತಾರೆ. ಎರಡನೆಯ ಸಲ ಮೊದಲ ಸೆಕೆಂಡಿನ ಗಾಳಿ ಸ್ಪಷ್ಟವಾಗಿ ಹೆಚ್ಚಿದರೆ, ಬಿಗಿದಿದ್ದ ನಳಿಕೆಗಳು ಸಡಿಲವಾಗಬಲ್ಲವು ಎಂಬುದು ಅಲ್ಲೇ ಕಾಗದದ ಮೇಲೆ ಕಾಣಿಸುತ್ತದೆ.